ಮಳೆಗಾಲದ ನಾಲ್ಕು ಸೊನ್ನೆಗಳು

ಜುಲೈ ಎರಡನೇ ವಾರದ ಸೋಮವಾರ ಬೆಳಿಗ್ಗೆ ಗೋಕುಲಂನಿಂದ ಫೋನ್ ಬಂತು. ಮೂರನೇ ಹಂತದ ಒಂದು ಮನೆಯ ಟೆರೇಸಿನ ಮೇಲೆ ಯಾವುದೋ ಹಕ್ಕಿ ಬಿದ್ದಿದೆ, ಬಾತುಕೋಳಿಯೂ ಅಲ್ಲ, ಕಾಗೆಯೂ ಅಲ್ಲ, ದಯವಿಟ್ಟು ಬಂದು ನೋಡಿ ಅಂತ. ಮೈಸೂರಿನಲ್ಲಿ ಎಲ್ಲಿ ಹಕ್ಕಿ ಬಿದ್ದರೂ ಯಾರೋ ಒಬ್ಬರು ನನ್ನ ನಂಬರ್ ಕೊಡುತ್ತಾರೆ. ಇಪ್ಪತ್ತಾರು ವರ್ಷ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದ್ದಕ್ಕೆ ನನಗೆ ಸಿಕ್ಕ ಬಿರುದು 'ಹಕ್ಕಿ ಮೇಡಂ'. ವಾಣಿ ಎಂಬ ನನ್ನ ಹೆಸರು ಅರ್ಧ ಊರಿಗೆ ಗೊತ್ತೇ ಇಲ್ಲ. ಪಾಠ ಮಾಡಿದ್ದು ಯಾರಿಗೂ ನೆನಪಿಲ್ಲ, ಯಾರದೋ ಅಡುಗೆಮನೆಗೆ ನುಗ್ಗಿದ ಗೂಬೆಯನ್ನು ಹಿಡಿದದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಹೋಗಿ ನೋಡಿದರೆ ನೀರಿನ ಟ್ಯಾಂಕಿನ ಪಕ್ಕ, ಯೋಗ ಕಲಿಯಲು ಬಂದ ವಿದೇಶಿ ಹುಡುಗಿಯರು ಒಣಗಲು ಹಾಕಿ ಮರೆತ ಚಾಪೆಗಳ ನಡುವೆ, ಅದು ಹೊಟ್ಟೆಯ ಮೇಲೆ ಕೂತಿತ್ತು. ಕಂದು ಮೈ, ಉದ್ದವಾದ, ಕಿರಿದಾದ ರೆಕ್ಕೆ, ಕೊಕ್ಕಿನ ಮೇಲೆ ಕೊಳವೆಯಂಥ ಎರಡು ಪುಟ್ಟ ಹೊಳ್ಳೆ. ಅದು ಶಿಯರ್‌ವಾಟರ್. ಮೊಟ್ಟೆ ಇಡುವುದಕ್ಕೆ ಬಿಟ್ಟರೆ ನೆಲದ ಮುಖವನ್ನೇ ನೋಡದ, ನಡುಸಮುದ್ರದಲ್ಲಿ ಬದುಕುವ ಹಕ್ಕಿ. ಮಳೆಗಾಲದ ಗಾಳಿ ಅದನ್ನು ಅರಬ್ಬಿ ಸಮುದ್ರದಿಂದ ಎತ್ತಿಕೊಂಡು, ಘಟ್ಟ ದಾಟಿಸಿ, ನೂರೈವತ್ತು ಕಿಲೋಮೀಟರ್ ಒಳಗೆ ತಂದು ಗೋಕುಲಂನಲ್ಲಿ ಬಿಸಾಕಿತ್ತು.

ಮೊದಲ ಐದು ನಿಮಿಷ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಆ ಖುಷಿ ಉಳಿಯಲಿಲ್ಲ. ಯಾಕೆಂದರೆ ಮಳೆಗಾಲದಲ್ಲಿ ನಮ್ಮ ಕಡಲಿನಲ್ಲಿ ಇಂಥ ಹಕ್ಕಿಗಳ ಓಡಾಟ ತೀರಾ ಕಡಿಮೆ ಎಂದು ಹೇಳುವ ವರದಿಯೊಂದಕ್ಕೆ ನಾನು ಹಿಂದಿನ ವಾರವಷ್ಟೇ ಸಹಿ ಹಾಕಿದ್ದೆ. ಆ ವರದಿ ಶುಕ್ರವಾರ ದೆಹಲಿಯ ತಜ್ಞರ ಸಮಿತಿಯ ಮುಂದೆ ಹೋಗುವುದಿತ್ತು.

ಆ ವರದಿಯ ಕತೆ ಹೇಳಿಬಿಡುತ್ತೇನೆ. ದಡದಿಂದ ಮೂವತ್ತು ಕಿಲೋಮೀಟರ್ ಆಚೆ, ಸಮುದ್ರದ ಮಧ್ಯೆ ಅರವತ್ತೆರಡು ಗಾಳಿಯಂತ್ರಗಳನ್ನು ನಿಲ್ಲಿಸಲು ಒಂದು ಕಂಪನಿ ಹೊರಟಿದೆ. ಅದರಿಂದ ಪರಿಸರಕ್ಕೆ ಆಗುವ ಒಳಿತೆಷ್ಟು, ಕೆಡುಕೆಷ್ಟು ಎಂದು ಅಳೆದು ಬರೆಯುವ ಕೆಲಸ ಚಾಮರಾಜಪುರಂನ ಮಹದೇವಪ್ರಸಾದ್ ಅವರಿಗೆ ಸಿಕ್ಕಿತು. ಅವರು ತಮ್ಮ ಮನೆಯ ಕೆಳಗಿನ ಅಂತಸ್ತಿನಲ್ಲೇ ಆಫೀಸ್ ಇಟ್ಟುಕೊಂಡಿದ್ದಾರೆ. ನಾಲ್ಕು ಕಂಪ್ಯೂಟರ್, ಒಂದು ಸೂಕ್ಷ್ಮದರ್ಶಕ, ಗೋಡೆ ತುಂಬ ಕಡತ. ಸಮುದ್ರವೇ ಇಲ್ಲದ ಊರಿನಲ್ಲಿ ಕೂತು ಸಮುದ್ರದ ವರದಿ ಬರೆಯುವುದು ಹೇಗೆ ಎಂದು ಕೇಳಿದವರಿಗೆ, ದೆಹಲಿಯಲ್ಲಿ ಕೂತು ಓದುವವರಿಗಿಂತ ನಾವು ಹತ್ತಿರ ಇದ್ದೇವೆ ಎಂದು ಅವರು ನಗುತ್ತಾರೆ. ಮೀನಿನ ಅಧ್ಯಾಯ ಒಬ್ಬರದು, ನೀರಿನೊಳಗಿನ ಸದ್ದಿನದು ಇನ್ನೊಬ್ಬರದು, ಹಕ್ಕಿಗಳ ಅಧ್ಯಾಯ ನನ್ನದು. ಕೊನೆಯ ಅಧ್ಯಾಯವನ್ನು ಮಾತ್ರ ಅವರೇ ಬರೆಯುತ್ತಾರೆ. ಅದಕ್ಕೆ ಆಫೀಸಿನಲ್ಲಿ 'ತಕ್ಕಡಿ' ಎಂದು ಹೆಸರು.

ತಕ್ಕಡಿ ಸುಲಭದ್ದಲ್ಲ. ಕಂಬ ಹೊಡೆಯುವಾಗಿನ ಸದ್ದಿಗೆ ಡಾಲ್ಫಿನ್‌ಗಳು ದಿಕ್ಕೆಟ್ಟು ಓಡುತ್ತವೆ. ಮೀನುಗಾರರು ಅಪ್ಪನ ಕಾಲದಿಂದ ಬಲೆ ಬೀಸಿದ ಜಾಗ ಕಳೆದುಕೊಳ್ಳುತ್ತಾರೆ. ಆದರೆ ಅದೇ ಕಂಬಗಳ ಬುಡಕ್ಕೆ ಚಿಪ್ಪಿನ ಜೀವಿಗಳು ಹತ್ತಿಕೊಂಡು, ಅವನ್ನು ಹುಡುಕಿಕೊಂಡು ಮೀನು ಬರುತ್ತವೆ. ಟ್ರಾಲರ್‌ಗಳು ಬಾರದ್ದರಿಂದ ಕಡಲಿನ ತಳಕ್ಕೆ ಸ್ವಲ್ಪ ಬಿಡುವು ಸಿಗುತ್ತದೆ. ಎಲ್ಲಕ್ಕಿಂತ ಭಾರದ್ದು ಕಲ್ಲಿದ್ದಲು. ಈ ವಿದ್ಯುತ್ ಬಂದ ಕೂಡಲೇ ರಾಜ್ಯದ ಉತ್ತರದ ಕಡೆಯ ಹಳೆಯ ಉಷ್ಣ ಸ್ಥಾವರವೊಂದರ ಎರಡು ಘಟಕಗಳನ್ನು ಮುಚ್ಚುವುದೆಂದು ತೀರ್ಮಾನವಾಗಿತ್ತು. ಮಹದೇವಪ್ರಸಾದ್ ಅವರಿಗೆ ಆ ಸ್ಥಾವರ ಬರೀ ಅಂಕಿಯಲ್ಲ. ಅಲ್ಲಿ ಅವರು ಹತ್ತೊಂಬತ್ತು ವರ್ಷ ಕೆಮಿಸ್ಟ್ ಆಗಿದ್ದರು. ಅವರ ತಮ್ಮ ಸಿದ್ದಲಿಂಗಸ್ವಾಮಿ ಅಲ್ಲೇ ಬೂದಿ ವಿಭಾಗದಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು, ಶ್ವಾಸಕೋಶ ಕಳೆದುಕೊಂಡು, ಈಗ ಅಣ್ಣನ ಮನೆಯ ಮಹಡಿಯಲ್ಲಿ ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು ಕೂತಿದ್ದಾರೆ. ಸಿದ್ದಲಿಂಗಸ್ವಾಮಿಯವರ ಮಗಳು ಗಗನ, ಮೂರು ವರ್ಷದ ಮೊಮ್ಮಗಳು ಇಬ್ಬರೂ ಇನ್ನೂ ಅದೇ ಸ್ಥಾವರದ ಕಾಲೊನಿಯಲ್ಲಿದ್ದಾರೆ. ಅಳಿಯನಿಗೆ ಅಲ್ಲಿ ಕೆಲಸ. ವರ್ಗಕ್ಕೆ ಎರಡು ಸಲ ಅರ್ಜಿ ಹಾಕಿದರೂ ಆಗಲಿಲ್ಲ, ಘಟಕ ಮುಚ್ಚಿದರೆ ಮಾತ್ರ ಅವರು ಹೊರಗೆ ಬರಬಹುದು.

ಇನ್ನು ನನ್ನ ಅಧ್ಯಾಯ. ಅಕ್ಟೋಬರಿನಿಂದ ಮೇ ತನಕ ತಿಂಗಳಿಗೆ ಎರಡು ಸಲ ಬಾಡಿಗೆ ದೋಣಿಯಲ್ಲಿ ಹೋಗಿ ಹಕ್ಕಿ ಎಣಿಸಿದ್ದೆವು. ನಾನು ಪ್ರತಿ ಸಲವೂ ವಾಂತಿ ಮಾಡಿಕೊಂಡೇ ಎಣಿಸಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ದೋಣಿಗಳು ದಡದಲ್ಲೇ ಇರುತ್ತವೆ. ಮೊದಲೆರಡು ತಿಂಗಳು ಮೀನುಗಾರಿಕೆಗೇ ನಿಷೇಧ, ಆಮೇಲೂ ಆ ಅಲೆಗೆ ಯಾರೂ ನಮ್ಮನ್ನು ಕರೆದುಕೊಂಡು ಹೋಗುವುದಿಲ್ಲ. ಪರಿಸರ ವರದಿಗಳಲ್ಲಿ ಸಾಮಾನ್ಯವಾಗಿ ಮಳೆಗಾಲವನ್ನು ಬಿಟ್ಟು ಅಧ್ಯಯನ ಮಾಡುವುದೇ ರೂಢಿ. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ, ನೋಡಿಲ್ಲ ಎಂದು ಬರೆದರೆ ಸಾಕು.

ಹಕ್ಕಿ ಎಣಿಸುವವರಿಗೆ ಒಂದು ನಿಯಮವಿದೆ. ನೋಡಿದೆ, ಕಾಣಲಿಲ್ಲ ಎಂದರೆ ಪಟ್ಟಿಯಲ್ಲಿ ಸೊನ್ನೆ ಬರೆಯಬೇಕು. ನೋಡಲೇ ಇಲ್ಲ ಎಂದರೆ ಅಡ್ಡಗೆರೆ ಎಳೆಯಬೇಕು. ಮೊದಲ ವರ್ಷದ ವಿದ್ಯಾರ್ಥಿಗಳಿಗೂ ಇದನ್ನು ತಲೆಗೆ ತುಂಬಿಸಿಯೇ ನಾನು ಕುಕ್ಕರಹಳ್ಳಿ ಕೆರೆಗೆ ಕಳಿಸುತ್ತಿದ್ದೆ. ಸೊನ್ನೆಗೂ ಗೆರೆಗೂ ವ್ಯತ್ಯಾಸ ತಿಳಿಯದವರು ದುರ್ಬೀನು ಮುಟ್ಟಬೇಡಿ ಎಂದು ಗದರಿಸುತ್ತಿದ್ದೆ.

ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಅರಣ್ಯ ಇಲಾಖೆಗೆ ಫೋನಿನಲ್ಲಿ ತಿಳಿಸಿ, ದೇವರಾಜ ಮೊಹಲ್ಲಾದ ಕಡೆ ಆಟೊ ತಿರುಗಿಸಿದೆ. ಲಿಂಗಾಯತರ ಮನೆಯಲ್ಲಿ ಹುಟ್ಟಿ ಐವತ್ತೆರಡು ವರ್ಷ ಮೀನಿನಂಗಡಿಯ ಮೆಟ್ಟಿಲು ಹತ್ತದವಳು ಅಂದು ಹತ್ತಿದೆ. ಅಂಗಡಿಯವನು ಮತ್ತಿ ಮೀನು ತೂಗುತ್ತಾ, "ಸಾರಿಗಾ, ಫ್ರೈಗಾ ಅಮ್ಮಾ?" ಎಂದ.

"ಹಕ್ಕಿಗೆ," ಎಂದೆ.

"ಪುಣ್ಯ ಮಾಡಿರೋ ಹಕ್ಕಿ ಬುಡಿ," ಎಂದು ನಾಲ್ಕು ಹೆಚ್ಚಿಗೆ ಹಾಕಿದ.

ಮನೆಗೆ ಮೀನು ಒಯ್ದರೆ ನಮ್ಮತ್ತೆ ನನ್ನನ್ನೇ ಹೊರಗೆ ಹಾಕುತ್ತಿದ್ದರು. ಹಾಗಾಗಿ ಹಕ್ಕಿ, ಮೀನು ಎರಡೂ ಚಾಮರಾಜಪುರಂನ ಆಫೀಸಿಗೆ ಹೋದವು. ಅಲ್ಲಿ ನಿಶ್ಚಿತಾ ಒಬ್ಬಳೇ ಇದ್ದಳು. ನನ್ನ ಕೈಯಲ್ಲೇ ಓದಿದ ಹುಡುಗಿ, ಈಗ ಅಲ್ಲಿ ಅಂಕಿಅಂಶ ನೋಡಿಕೊಳ್ಳುತ್ತಾಳೆ. ಹಕ್ಕಿಯನ್ನು ಬಚ್ಚಲುಮನೆಯಲ್ಲಿ ಇಳಿಸಿ ನಾನು ಅವಳ ಪಕ್ಕ ಕೂತೆ.

"ನಮ್ಮ ಅಧ್ಯಾಯದ ಮೂಲ ಪಟ್ಟಿ ತೆಗಿ. ಮಳೆಗಾಲದ ಸಾಲಿನಲ್ಲಿ ಏನಿದೆ ನೋಡೋಣ."

ಪರದೆಯ ಮೇಲೆ ಪಟ್ಟಿ ತೆರೆಯಿತು. ಜೂನ್ ಸೊನ್ನೆ. ಜುಲೈ ಸೊನ್ನೆ. ಆಗಸ್ಟ್ ಸೊನ್ನೆ. ಸೆಪ್ಟೆಂಬರ್ ಸೊನ್ನೆ.

"ಇದೇನೇ ಇದು?" ಎಂದು ಕಿರುಚಿಯೇ ಬಿಟ್ಟೆ. "ನಾವು ಆಗ ದೋಣೀನೇ ಹತ್ತಲಿಲ್ಲವಲ್ಲ! ಗೆರೆ ಇರಬೇಕಿತ್ತು. ಯಾರು ಸೊನ್ನೆ ಹಾಕಿದ್ದು?"

ನಿಶ್ಚಿತಾಳ ಮುಖ ಬಿಳಿಚಿಕೊಂಡಿತು. "ನಾನೇ ಹಾಕಿದ್ದು ಮೇಡಂ. ಆದ್ರೆ ನೀವೇ ಹೇಳಿದ್ರಲ್ಲ."

"ನಾನಾ?"

"ಜೂನ್ ಮೊದಲ ವಾರ. ನೀವು ರೈಲಲ್ಲಿದ್ರಿ, ಮದುವೆಗೆ ಹೊರಟಿದ್ರಿ. ವರ್ಷಕ್ಕೆ ಎಷ್ಟು ಹಕ್ಕಿ ಗಾಳಿಯಂತ್ರದ ರೆಕ್ಕೆಗೆ ಸಿಕ್ಕಿ ಸಾಯುತ್ತೆ ಅಂತ ಲೆಕ್ಕ ಹಾಕೋ ಸಾಫ್ಟ್‌ವೇರು ಹನ್ನೆರಡೂ ತಿಂಗಳು ತುಂಬಿಸದೆ ಮುಂದಕ್ಕೇ ಹೋಗ್ತಿಲ್ಲ ಅಂತ ಫೋನ್ ಮಾಡ್ದೆ. 'ಸದ್ಯಕ್ಕೆ ಸೊನ್ನೆ ಹಾಕ್ಬುಡು, ಆಮೇಲೆ ನೋಡೋಣ' ಅಂದ್ರಿ."

ನೆನಪಾಯಿತು. ಬೋಗಿಯಲ್ಲಿ ಗದ್ದಲ, ಎದುರಿಗೆ ಪುಳಿಯೋಗರೆಯ ಡಬ್ಬಿ, ಫೋನಿನಲ್ಲಿ ಅರ್ಧ ಕೇಳಿಸುತ್ತಿದ್ದ ಇವಳ ಧ್ವನಿ. ಆಮೇಲೆ ನಾನು ನೋಡಲಿಲ್ಲ. ಅಧ್ಯಾಯ ಅಚ್ಚಾಗಿ ಬಂದಾಗ ಹಕ್ಕಿಗಳ ಹೆಸರು ಸರಿಯಿದೆಯಾ, ಚಿತ್ರಗಳು ಸ್ಪಷ್ಟವಾಗಿವೆಯಾ ಎಂದು ನೋಡಿ ಸಹಿ ಗೀಚಿದೆ. ಇಷ್ಟು ವರ್ಷ ಮಕ್ಕಳ ತಲೆ ತಿಂದವಳು ನಾನೇ ಎಡವಿದ್ದೆ. ಅವಳನ್ನು ಬಯ್ಯಲು ಬಾಯಿ ತೆರೆದು ಮುಚ್ಚಿಕೊಂಡೆ.

ತಪ್ಪು ಬರೀ ಪಟ್ಟಿಯಲ್ಲಿ ಉಳಿದಿದ್ದರೆ ಪರವಾಗಿರಲಿಲ್ಲ. ಆ ನಾಲ್ಕು ಸೊನ್ನೆಗಳು ಸಾಫ್ಟ್‌ವೇರಿನೊಳಗೆ ಹೋಗಿ, ವರ್ಷಕ್ಕೆ ಹದಿನಾಲ್ಕೇ ಹಕ್ಕಿ ಸಾಯಬಹುದು ಎಂಬ ಉತ್ತರವಾಗಿ ಹೊರಗೆ ಬಂದಿದ್ದವು. ಹದಿನಾಲ್ಕು ಯಾರಿಗೂ ಹೆಚ್ಚಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮೂರನೇ ಅಧ್ಯಾಯದಲ್ಲಿ ಗಾಳಿಯ ಚಿತ್ರವಿದೆ. ಇಡೀ ವರ್ಷದ ವಿದ್ಯುತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಹುಟ್ಟುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಏಳನೇ ಅಧ್ಯಾಯದ ನನ್ನ ಚಿತ್ರದಲ್ಲಿ ಅದೇ ನಾಲ್ಕು ತಿಂಗಳು ಖಾಲಿ. ಎರಡನ್ನೂ ಪಕ್ಕಪಕ್ಕ ಇಟ್ಟು ಕಂಪನಿಯವರು ಕುಣಿದಾಡಿದ್ದರು. ಯಂತ್ರಗಳು ಜೋರಾಗಿ ತಿರುಗುವಾಗ ಹಕ್ಕಿಗಳೇ ಇಲ್ಲ, ಹಕ್ಕಿಗಳು ಬಂದಾಗ ಯಂತ್ರಗಳು ನಿಧಾನ. ಪ್ರಕೃತಿಯೇ ಒಪ್ಪಿಗೆ ಕೊಟ್ಟಿದೆ ಎಂದು ಅವರ ಅಧಿಕಾರಿಯೊಬ್ಬರು ನನ್ನ ಕೈ ಕುಲುಕಿದಾಗಲೂ ನನಗೆ ಅನುಮಾನ ಬಂದಿರಲಿಲ್ಲ.

ನಿಜ ತಿರುಗುಮುರುಗಾಗಿರಬಹುದು. ನಡುಸಮುದ್ರದ ಹಕ್ಕಿಗಳನ್ನು ದಡದ ಕಡೆಗೆ ತಳ್ಳುವುದೇ ಮಳೆಗಾಲದ ಗಾಳಿ. ಪ್ರತಿ ಜುಲೈನಲ್ಲೂ ಕರಾವಳಿಯ ಮರಳಿನ ಮೇಲೆ ಸೋತು ಬಿದ್ದವನ್ನು ಅಲ್ಲಿನ ಹಕ್ಕಿಪ್ರಿಯರು ಎತ್ತಿಕೊಳ್ಳುತ್ತಾರೆ. ಒಂದೇ ಗಾಳಿ ವಿದ್ಯುತ್ತನ್ನೂ ಹುಟ್ಟಿಸುತ್ತದೆ, ಹಕ್ಕಿಗಳನ್ನೂ ಯಂತ್ರದ ರೆಕ್ಕೆಯ ಬಾಯಿಗೆ ತಂದು ಹಾಕುತ್ತದೆ.

"ಇಲ್ದೇನೂ ಇರಬಹುದಲ್ವಾ ಮೇಡಂ?" ನಿಶ್ಚಿತಾ ಮೆಲ್ಲಗೆ ಕೇಳಿದಳು. "ಅಷ್ಟು ಒಳಗಿನ ಸಮುದ್ರದಲ್ಲಿ, ಆ ಜಾಗದಲ್ಲೇ ಬರಬೇಕು ಅಂತೇನಿಲ್ಲವಲ್ಲ."

"ಇರಬಹುದು," ಎಂದೆ. "ಗೊತ್ತಿಲ್ಲ. ಗೊತ್ತಿಲ್ಲ ಅಂತ ಹೇಳೋಕೇ ಗೆರೆ ಇರೋದು."

ಹಕ್ಕಿ ಒಂದು ಮೀನನ್ನೂ ಮುಟ್ಟಲಿಲ್ಲ. ಮಾರನೆಯ ಬೆಳಿಗ್ಗೆ ಹೋದಾಗ ಸತ್ತಿತ್ತು. ಅಳು ಬಂತು. ಅರಣ್ಯ ಇಲಾಖೆಯವರು ಬಂದು ತೆಗೆದುಕೊಂಡು ಹೋದರು.

ಮಹದೇವಪ್ರಸಾದ್ ಬೆಂಗಳೂರಿನಿಂದ ಬಂದದ್ದು ಬುಧವಾರ. ನಾನು ಸುತ್ತುಬಳಸದೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಈಗ ಗೆರೆ ಹಾಕಿದ್ರೆ ಏನಾಗುತ್ತೆ ಗೊತ್ತಲ್ಲ ವಾಣಿಯವರೇ?" ಎಂದರು. "ಬೇರೆ ವರದಿಗಾದ್ರೆ ನಡೆಯುತ್ತೆ, ರೆಕ್ಕೆಗೆ ಸಿಗೋ ಹಕ್ಕಿಯ ಲೆಕ್ಕಕ್ಕೆ ಹನ್ನೆರಡೂ ತಿಂಗಳು ಬೇಕು ಅಂತ ವಾಪಸ್ ಕಳಿಸ್ತಾರೆ. ಮುಂದಿನ ಮಳೆಗಾಲ ದೊಡ್ಡ ಹಡಗು ಮಾಡ್ಕೊಂಡು ಎಣಿಸ್ಬೇಕು. ಈ ಮಳೆಗಾಲಕ್ಕೆ ಹಡಗು ಸಿಗೋ ಹೊತ್ತಿಗೆ ಸೆಪ್ಟೆಂಬರ್ ಮುಗಿದಿರುತ್ತೆ. ಒಂದೂವರೆ ವರ್ಷ ಹೋಯ್ತು. ಅಷ್ಟರೊಳಗೆ ಕಲ್ಲಿದ್ದಲಿನ ಘಟಕಕ್ಕೆ ಇನ್ನೊಂದಷ್ಟು ಕಾಲ ಅನುಮತಿ ಸಿಕ್ಕಿರುತ್ತೆ. ಒಂದ್ಸಲ ಮುಂದೂಡಿದ್ದನ್ನ ಎರಡನೇ ಸಲ ಮುಂದೂಡೋದು ಅವರಿಗೆ ಕಷ್ಟ ಅಲ್ಲ."

"ಗೊತ್ತು ಸರ್."

"ಯಂತ್ರ ನಿಲ್ಲಿಸಲಿ. ನಿಲ್ಲಿಸಿದ ಮೇಲೆ ಕ್ಯಾಮೆರಾ ಹಾಕಿ ಎಣಿಸೋಣ. ಹಕ್ಕಿ ಹೆಚ್ಚಿದ್ರೆ ಮಳೆಗಾಲದಲ್ಲಿ ಕೆಲವು ಗಂಟೆ ನಿಲ್ಲಿಸಿ ಅಂತ ಷರತ್ತು ಹಾಕ್ಸೋಣ."

"ಅವರ ಅರ್ಧ ಉತ್ಪಾದನೆ ಆಗೋದೇ ಮಳೆಗಾಲದಲ್ಲಿ. ಕಂಬ ನೆಟ್ಟ ಮೇಲೆ ಯಾರು ನಿಲ್ಲಿಸ್ತಾರೆ ಸರ್? ಈಗ್ಲೇ ಗೊತ್ತಾದ್ರೆ ಜಾಗನಾದ್ರೂ ಬದಲಾಯಿಸಬಹುದು."

ಅವರಿಗೆ ಸಿಟ್ಟು ಬಂತು. ಹನ್ನೊಂದು ವರ್ಷದಲ್ಲಿ ಅವರು ನನ್ನ ಮೇಲೆ ಧ್ವನಿ ಎತ್ತಿದ್ದು ಅದೇ ಮೊದಲು. "ಬನ್ನಿ ಮೇಲೆ. ತಕ್ಕಡಿ ತಕ್ಕಡಿ ಅಂತೀವಲ್ಲ, ಒಂದು ಕಡೆ ನೀವು ಹಕ್ಕಿ ಇಟ್ರಿ. ಇನ್ನೊಂದು ಕಡೆ ಏನಿದೆ ಅಂತಾನೂ ನೋಡಿ."

ಮೆಟ್ಟಿಲು ಹತ್ತುವಾಗಲೇ ಆಮ್ಲಜನಕದ ಯಂತ್ರದ ಸದ್ದು ಕೇಳಿತು. ಸಿದ್ದಲಿಂಗಸ್ವಾಮಿ ಕಿಟಕಿಯ ಪಕ್ಕದ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಹಣೆಯ ಮೇಲೆ ವಿಭೂತಿ, ಕುತ್ತಿಗೆಯ ಎರಡೂ ಬದಿಯಲ್ಲಿ ಗುಳಿ. ನನ್ನನ್ನು ನೋಡಿ ಕೈ ಮುಗಿದರು.

"ಬನ್ನಿ ಮೇಡಂ. ಎರಡು ದಿನ ಮನೆಯೆಲ್ಲಾ ಮೀನಿನ ವಾಸ್ನೆ. ನಮ್ಮತ್ತಿಗೆ ಸಾಂಬ್ರಾಣಿ ಹಾಕಿ ಹಾಕಿ... ನಂಗೆ ಕೆಮ್ಮು ಬರ್ಸ್‌ಬುಟ್ರು," ಎಂದು ನಕ್ಕರು. ಒಂದೊಂದು ಮಾತಿಗೂ ನಿಂತು ಉಸಿರು ತೆಗೆದುಕೊಳ್ಳಬೇಕಾಗಿತ್ತು. "ಶುಕ್ರವಾರ ಅಲ್ವಾ? ಆಗೋಯ್ತದಾ?"

ನಾನೇ ಹೇಳಿದೆ, ಪಟ್ಟಿಯಲ್ಲಿ ಒಂದು ತಪ್ಪಾಗಿದೆ, ಮಳೆಗಾಲದಲ್ಲಿ ನಾವು ಎಣಿಸಿರಲಿಲ್ಲ, ಆದರೂ ಎಣಿಸಿದಂತೆ ಸೊನ್ನೆ ಕೂತುಬಿಟ್ಟಿದೆ, ಏನು ಮಾಡುವುದೆಂದು ಯೋಚಿಸುತ್ತಿದ್ದೇವೆ ಅಂತ.

"ಅಷ್ಟೇನಾ?" ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಅಂಗೇ ಬುಟ್ಬುಡಿ ಮೇಡಂ. ಏನೂ ಆಗಲ್ಲ. ನಾವೂ ಅಂಗೇ ಮಾಡ್ತಿದ್ದಿದ್ದು."

"ಏನು ಮಾಡ್ತಿದ್ರಿ?"

"ಬೂದಿ ಅಳೆಯೋ ಮಿಷಿನ್ನು. ಕಾಲೊನಿ ಗೇಟ್ ಹತ್ರ ಒಂದು, ಸ್ಕೂಲ್ ಹತ್ರ ಒಂದು. ಗಾಳೀಲಿ ಎಷ್ಟು ಧೂಳದೆ ಅಂತ. ದಿನಾ ನಾನೇ ಬರ್ಕೋತಿದ್ದೆ." ಉಸಿರು ತೆಗೆದುಕೊಂಡರು. "ಬೇಸಿಗೇಲಿ ಅದು ಕೆಟ್ಟೋಗೋದು. ಬೂದಿ ಜಾಸ್ತಿ ಆಗಿ ಅದರ ಜಾಲರಿ ಕಟ್ಕೊಂಬುಡೋದು. ರಿಪೇರಿಯೋನು ಬರೋಕೆ ವಾರ. ರಿಜಿಸ್ಟರ್ ಖಾಲಿ ಬುಡೋಂಗಿಲ್ಲ. ಅದ್ಕೆ ಹಿಂದಿನ ದಿನದ್ದೇ ಬರ್ದುಬುಡ್ತಿದ್ದೆ. ಮಿಷಿನ್ನು ಚೆನ್ನಾಗಿದ್ದ ದಿನದ್ದು. ಇಪ್ಪತ್ತು ವರ್ಷ ಬರ್ದೆ. ಒಬ್ರೂ ಕೇಳ್ಲಿಲ್ಲ. ಕಾಗದದಲ್ಲಿ ನಮ್ಮ ಕಾಲೊನಿ ಗಾಳಿ ಯಾವಾಗ್ಲೂ ಚೆನ್ನಾಗೇ ಇತ್ತು."

ಅವರು ಇದನ್ನು ನನಗೆ ಧೈರ್ಯ ತುಂಬುವುದಕ್ಕೆ ಹೇಳಿದರು. ಅದರಲ್ಲಿ ಕುಹಕವಿರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಹೇಳಿದ ಮಾತಿಗೂ ತಮ್ಮ ಮೂಗಿನ ನಳಿಕೆಗೂ ಸಂಬಂಧವಿದೆ ಎಂಬುದು ಅವರಿಗೆ ಹೊಳೆದಂತೆಯೇ ಇರಲಿಲ್ಲ. ಬೂದಿ ಹೆಚ್ಚಾದ ದಿನವೇ ಯಂತ್ರ ಕಟ್ಟಿಕೊಳ್ಳುತ್ತಿತ್ತು, ಹಕ್ಕಿ ಬರುವ ತಿಂಗಳೇ ನಮ್ಮ ದೋಣಿ ದಡದಲ್ಲಿರುತ್ತಿತ್ತು. ಮಹದೇವಪ್ರಸಾದ್ ಕಡೆ ನೋಡಿದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು, ಕೈ ಮಾತ್ರ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದಿತ್ತು.

"ಮೊಮ್ಮಗಳು ಸಮನ್ವಿತಾಗೆ ಈಗ್ಲೇ ಗೊರಗೊರ ಶುರುವಾಗದೆ ಮೇಡಂ," ಎಂದರು ಸಿದ್ದಲಿಂಗಸ್ವಾಮಿ. "ದಿನಾ ಎರಡು ಸಲ ಮೂಗಿಗೆ ಆವಿ ಕೊಡ್ಬೇಕು. ಆ ಮಗೂನಾದ್ರೂ ಅಲ್ಲಿಂದ ಆಚೆ ಬರ್ಲಿ. ನಿಮ್ಮ ಹಕ್ಕಿಗಳಿಗೆ ರೆಕ್ಕೆ ಅದೆ, ಸುತ್ಕೊಂಡು ಹೋಯ್ತವೆ ಬುಡಿ."

ಮಗುವನ್ನು ಒಂದು ಕಡೆ, ಹೆಸರಿಲ್ಲದ ಹಕ್ಕಿಗಳನ್ನು ಒಂದು ಕಡೆ ಇಟ್ಟು ಕೇಳಿದರೆ ನಾನೂ ಮಗುವನ್ನೇ ಎತ್ತಿಕೊಳ್ಳುತ್ತೇನೆ. ಯಾರಾದರೂ ಅಷ್ಟೇ.

ಕೆಳಗೆ ಬಂದ ಮೇಲೆ ಮಹದೇವಪ್ರಸಾದ್ ತಮ್ಮ ಕೋಣೆಯ ಬಾಗಿಲು ಹಾಕಿದರು. ಕುರ್ಚಿಯಲ್ಲಿ ಕೂರಲಿಲ್ಲ.

"ಆ ರಿಜಿಸ್ಟರಿಗೆ ತಿಂಗಳ ಕೊನೇಲಿ ಸಹಿ ಹಾಕ್ತಿದ್ದೋನು ನಾನು," ಎಂದರು.

ಅವರು ಗೋಡೆಯ ಕಡತಗಳ ಕಡೆ ತಿರುಗಿದರು.

"ಎಂಟು ದಿನ ಸತತ ಒಂದೇ ಅಂಕಿ ಇರೋದು. ಗಾಳಿ ಎಲ್ಲಾದ್ರೂ ಎಂಟು ದಿನ ಒಂದೇ ಸಮ ಇರುತ್ತಾ? ಕೆಮಿಸ್ಟ್ ಕಣ್ರೀ ನಾನು, ಗೊತ್ತಾಗ್ತಿರಲಿಲ್ವಾ? ಗೊತ್ತಾಗ್ತಿತ್ತು. ಮಿಷಿನ್ ಕೆಟ್ಟಿದೆ ಅಂತ ಬರೆದ್ರೆ ಮೇಲಿನವರಿಗೆ ಉತ್ತರ ಕೊಡ್ಬೇಕು, ತಮ್ಮನ ಕೆಲಸಕ್ಕೆ ತೊಂದರೆ ಆಗುತ್ತೆ ಅಂತ ಸಹಿ ಹಾಕ್ತಿದ್ದೆ. ಅವನ ಒಳ್ಳೇದಕ್ಕೇ ಹಾಕ್ತಿದ್ದೆ." ಮಹಡಿಯ ಕಡೆ ಕೈ ತೋರಿಸಿದರು. "ಅವನಿಗೆ ಇವತ್ತಿನವರೆಗೂ ಗೊತ್ತಿಲ್ಲ. ತನ್ನ ಕೈಬರಹವೇ ತನ್ನ ಎದೆ ತಿಂದಿದ್ದು ಅಂತ ಗೊತ್ತಿಲ್ಲ. ಹೇಳ್ಬೇಡಿ."

"ಹೇಳಲ್ಲ ಸರ್."

"ಶುಕ್ರವಾರದ್ದು ನಿಮಗೆ ಬಿಟ್ಟಿದ್ದು. ಸೊನ್ನೆ ಇಟ್ಟರೂ ನಾನು ಏನೂ ಅನ್ನಲ್ಲ, ತೆಗೆದರೂ ಅನ್ನಲ್ಲ. ನನಗೆ ಆ ಯೋಗ್ಯತೆ ಇಲ್ಲ."

ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ಆ ರಾತ್ರಿ ನಾನು ಮನೆಯಲ್ಲಿ ಯಾರ ಜೊತೆಗೂ ನೆಟ್ಟಗೆ ಮಾತಾಡಲಿಲ್ಲ. ಸೊನ್ನೆ ಉಳಿಸಿಕೊಳ್ಳಲು ಎಷ್ಟು ಒಳ್ಳೊಳ್ಳೆಯ ಕಾರಣಗಳಿದ್ದವು! ಮಗು ಇತ್ತು. ಮಗುವಿನಂಥ ಸಾವಿರ ಮಕ್ಕಳಿದ್ದರು. ಭೂಮಿ ಬಿಸಿಯೇರಿದರೆ ಸಮುದ್ರದ ಹಕ್ಕಿಗಳೂ ಉಳಿಯುವುದಿಲ್ಲ ಎಂದು ನಾನೇ ಹತ್ತು ಕಡೆ ಭಾಷಣ ಮಾಡಿದ್ದೆ. ನಾನು ಆ ಗಾಳಿಯಂತ್ರಗಳ ವಿರೋಧಿಯಲ್ಲ. ಅವು ಬರಬೇಕು ಎಂದೇ ಈಗಲೂ ನನ್ನ ಆಸೆ. ಗೆರೆ ಎಳೆದ ಮೇಲೆ ಮುಂದಿನ ವರ್ಷ ಎಣಿಸಿ, ಅಲ್ಲಿ ಹಕ್ಕಿಗಳೇ ಇಲ್ಲ ಎಂದಾದರೆ, ಏನೂ ಇಲ್ಲದ್ದಕ್ಕೆ ಒಂದು ಮಗುವನ್ನು ಒಂದೂವರೆ ವರ್ಷ ಬೂದಿಯಲ್ಲಿ ಕೂರಿಸಿದಂತಾಗುತ್ತದೆ.

ಆದರೆ ಆ ರಿಜಿಸ್ಟರನ್ನು ತಲೆಯಿಂದ ತೆಗೆಯಲಾಗಲಿಲ್ಲ. ಅದರಲ್ಲಿ ಸುಳ್ಳು ಬರೆದವನೂ ಕೆಟ್ಟವನಲ್ಲ, ಸಹಿ ಹಾಕಿದವನೂ ಕೆಟ್ಟವನಲ್ಲ. ಇಬ್ಬರಿಗೂ ಒಳ್ಳೆಯ ಕಾರಣವಿತ್ತು. ಆ ಖಾಲಿ ದಿನಗಳಲ್ಲಿ ಒಬ್ಬರಾದರೂ ಖಾಲಿ ಎಂದೇ ಬರೆದಿದ್ದರೆ, ಯಾರಾದರೂ ಬಂದು ಯಾಕೆ ಎಂದು ಕೇಳುತ್ತಿದ್ದರು.

ಗುರುವಾರ ಮಧ್ಯಾಹ್ನ ಆಫೀಸಿಗೆ ಹೋಗಿ ನಿಶ್ಚಿತಾಳ ಪಕ್ಕ ಕೂತೆ. "ನಾಲ್ಕು ಸೊನ್ನೆ ಅಳಿಸು. ಗೆರೆ ಹಾಕು," ಎಂದೆ. ಅವಳು ಹಾಕಿದಳು. ಹದಿನಾಲ್ಕು ಎಂದಿದ್ದ ಜಾಗ ಕೆಂಪಾಗಿ, ಲೆಕ್ಕ ಸಾಧ್ಯವಿಲ್ಲ ಎಂಬ ಸೂಚನೆ ಬಂತು. ತಪ್ಪು ನನ್ನದು, ನಿಶ್ಚಿತಾಳದ್ದಲ್ಲ ಎಂದು ಒಂದು ಪುಟದ ಪತ್ರ ಬರೆದು ಸಹಿ ಹಾಕಿದೆ. ಮಹದೇವಪ್ರಸಾದ್ ಪತ್ರ ಓದಿ, ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿ, ತಾವೇ ದೆಹಲಿಗೆ ಕಳಿಸಿದರು. ಕಂಪನಿಯವರು ಸಂಜೆಯವರೆಗೂ ಫೋನಿನಲ್ಲಿ ಕೂಗಾಡಿದ್ದನ್ನೂ ಅವರೇ ಕೇಳಿಸಿಕೊಂಡರು.

ಶುಕ್ರವಾರ ಸಭೆ ಹತ್ತೇ ನಿಮಿಷದಲ್ಲಿ ಮುಗಿಯಿತು. ಮುಂದಿನ ಮಳೆಗಾಲದ ಎಣಿಕೆಯಾದ ಮೇಲೆ ಬನ್ನಿ ಎಂದರು. ನಮ್ಮ ಪತ್ರ ಇರದಿದ್ದರೆ ಅವರು ಆ ಪುಟವನ್ನು ತೆರೆಯುತ್ತಲೂ ಇರಲಿಲ್ಲ.

ಮಹಡಿಗೆ ಹೋಗಿ ಹೇಳುವವರು ಯಾರು? ಅಣ್ಣ ಮೆಟ್ಟಿಲ ಬಳಿ ಹೋಗಿ ನಿಂತರು, ಕಾಲು ಮುಂದೆ ಬರಲಿಲ್ಲ. "ಗೆರೆ ಹಾಕಿದ್ದು ನಾನು ಸರ್, ನಾನೇ ಹೇಳ್ತೀನಿ," ಎಂದು ಮೊದಲು ಹತ್ತಿದೆ. ಅವರು ಹಿಂದೆ ಬಂದರು. ಇರುವುದನ್ನು ಇರುವಂತೆಯೇ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿಕೊಂಡೇ ಹೋಗಿದ್ದೆ.

ಸಿದ್ದಲಿಂಗಸ್ವಾಮಿ ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡರು. "ಆಗ್ಲಿಲ್ವಾ?"

"ಇನ್ನೊಂದು ಮಳೆಗಾಲ ಎಣಿಸ್ಬೇಕು. ಒಂದೂವರೆ ವರ್ಷ ಆಗಬಹುದು."

"ಯಾಕೆ? ಎಂಗೆ ಗೊತ್ತಾಯ್ತು ಅವ್ರಿಗೆ? ಸೊನ್ನೆ ಅಂಗೇ ಬುಟ್ರೆ ಒಬ್ರೂ ಕೇಳಲ್ಲ ಅಂದಿದ್ನಲ್ಲ ನಾನು!"

ನಾವೇ ಹೇಳಿದೆವು ಎನ್ನಬೇಕಿತ್ತು. ಆಮೇಲೆ ಅವರು ಯಾಕೆ ಎಂದು ಕೇಳುತ್ತಿದ್ದರು. ಯಾಕೆ ಎಂಬುದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ, ಅದು ಅವರ ರಿಜಿಸ್ಟರ್. ಮಹದೇವಪ್ರಸಾದ್ ನನ್ನನ್ನೇ ನೋಡುತ್ತಿದ್ದರು. ಅರವತ್ತು ದಾಟಿದ ಮನುಷ್ಯ ಅಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ.

"ಸಮಿತಿಯವರೇ ಹಿಡಿದುಬಿಟ್ರು," ಎಂದೆ. "ನಾವು ಎಷ್ಟು ಹೇಳಿದ್ರೂ ಕೇಳ್ಲಿಲ್ಲ."

ಸರಾಗವಾಗಿ ಬಂತು ಆ ಸುಳ್ಳು. ಅವರು ಕಣ್ಣು ಮುಚ್ಚಿ ತಲೆಯನ್ನು ದಿಂಬಿಗೆ ಆನಿಸಿದರು. ಉಸಿರು ಸರಿಹೋಗಲು ಎರಡು ನಿಮಿಷವಾಯಿತು. ಆಮೇಲೆ ದಿಂಬಿನ ಪಕ್ಕದ ಫೋನ್ ತೆಗೆದು ಮಗಳಿಗೆ ಕರೆ ಮಾಡಿ ಸ್ಪೀಕರ್ ಹಾಕಿದರು.

"ಗಗನಾ, ಆಗ್ಲಿಲ್ಲ ಕಣಮ್ಮ. ಇನ್ನೊಂದೂವರೆ ವರ್ಷ ಅಂತೆ. ಆ ದೆಹಲಿಯೋರು... ಕೂತ್ಕೊಂಡು ಕಲ್ಲು ಹಾಕ್ಬುಟ್ರು. ಇಲ್ಲ ಕಣಮ್ಮ, ಅಳ್ಬೇಡ. ನಮ್ಮ ವಾಣಿ ಮೇಡಂ ಪಾಪ ಬಾಳ ಹೋರಾಡಿದ್ರು ನಮಗೋಸ್ಕರ. ಇಲ್ಲೇ ಅವ್ರೆ."

ಆ ಕಡೆಯಿಂದ ಮಗು ಕೆಮ್ಮುವುದು ಕೇಳಿಸಿತು. ಒಂದು ಸಲ ಶುರುವಾದದ್ದು ನಿಲ್ಲಲಿಲ್ಲ. ಗಗನ ಏನೋ ಹೇಳಿದಳು, ಕೆಮ್ಮಿನ ನಡುವೆ ನನಗೆ ತಿಳಿಯಲಿಲ್ಲ. ಸಿದ್ದಲಿಂಗಸ್ವಾಮಿ ಫೋನನ್ನು ನನ್ನ ಕಡೆ ಚಾಚಿದರು.

"ತಗೊಳ್ಳಿ ಮೇಡಂ. ನಿಮಗೆ ಥ್ಯಾಂಕ್ಸ್ ಹೇಳ್ಬೇಕಂತೆ."

ನಾನು ಫೋನ್ ತೆಗೆದುಕೊಂಡೆ. "ಹೇಳಮ್ಮ," ಎಂದೆ.